ಸಹಿ ಕಲಿಸಿ ಕೈತೊಳೆದುಕೊಂಡವರಿಗೆ

ಅಕ್ಷರ ಬಾರದ ದೊಡ್ಡವರಿಗೆ ಹೆಸರು ಬರೆಯುವುದನ್ನಷ್ಟೇ ಕಲಿಸಿ, ‘ಇಂತಿಷ್ಟು ಮಂದಿ ಸಾಕ್ಷರರಾದರು’ ಎಂದು ಪಟ್ಟಿ ಮಾಡಿ ಮೇಲಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿ ಬಹಳ ದಿನದಿಂದ ನಡೆದುಬಂದಿದೆ. ಅದಕ್ಕೆ ನನ್ನ ವಿರೋಧವಿದೆ. ಈ ಮಾತನ್ನು ಸಭೆಗಳಲ್ಲಿ ಎತ್ತಿದಾಗಲೆಲ್ಲ ಯಾರಾದರೊಬ್ಬರು ಎದ್ದು, ‘ಏನೂ ಇಲ್ಲದ್ದಕ್ಕಿಂತ ಸಹಿಯಾದರೂ ಬಂದರೆ ಒಳ್ಳೆಯದಲ್ಲವೇ ಮೇಡಂ?’ ಎಂದು ಕೇಳುತ್ತಾರೆ. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ನನ್ನ ಉತ್ತರ ‘ಅಲ್ಲ’ ಎಂಬುದೇ. ಓದು ಬಾರದೆ ಸಹಿ ಮಾತ್ರ ಬಂದವಳ ಸ್ಥಿತಿ ಹೆಬ್ಬೆಟ್ಟು ಒತ್ತುವವಳ ಸ್ಥಿತಿಗಿಂತ ಕೆಟ್ಟದ್ದು.

ಹೇಗೆಂದು ಹೇಳುತ್ತೇನೆ. ಹೆಬ್ಬೆಟ್ಟು ಒತ್ತುವವಳ ಮುಂದೆ ಕಾಗದ ಇಡುವವನಿಗೆ ಒಂದು ಅಳುಕು ಇರುತ್ತದೆ. ‘ಓದಿ ಹೇಳಿದ್ದೇನೆ, ಆಕೆ ಒಪ್ಪಿ ಒತ್ತಿದ್ದಾಳೆ’ ಎಂದು ಇನ್ನೊಬ್ಬರು ಕೆಳಗೆ ಬರೆದುಕೊಡುವ ರೂಢಿ ಇದೆ. ನಾಳೆ ತಕರಾರು ಬಂದರೆ ‘ಆಕೆಗೆ ಓದಲು ಬಾರದು’ ಎಂಬ ಮಾತಿಗೆ ಅಷ್ಟಿಷ್ಟು ಬೆಲೆ ಇರುತ್ತದೆ. ಸಹಿ ಹಾಕಿದವಳಿಗೆ ಈ ಆಸರೆ ಇಲ್ಲ. ಸಹಿ ಇದ್ದರೆ ಓದಿಯೇ ಹಾಕಿದ್ದಾಳೆ ಎಂದು ಲೋಕವೆಲ್ಲ ತಿಳಿಯುತ್ತದೆ. ಕಬ್ಬು ಕಡಿಯುವ ಗ್ಯಾಂಗಿನೊಡನೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ನನಗೆ ಗೊತ್ತು. ಸಾಕ್ಷರತಾ ಕೇಂದ್ರಕ್ಕೆ ಹದಿನೈದು ದಿನ ಹೋಗಿ ಸಹಿ ಕಲಿತಿದ್ದಳು. ಗುತ್ತೇದಾರ ಮುಂಗಡ ಕೊಟ್ಟಾಗ ಕಾಗದಕ್ಕೆ ಹೆಮ್ಮೆಯಿಂದ ಸಹಿ ಹಾಕಿದಳು. ಕೈಗೆ ಬಂದದ್ದು 15,000 ರೂಪಾಯಿ, ಕಾಗದದಲ್ಲಿ ಇದ್ದದ್ದು 45,000. ಹಂಗಾಮು ಮುಗಿದು ಲೆಕ್ಕಕ್ಕೆ ಕುಳಿತಾಗ ಆತ, ‘ಸಹಿ ನಿಂದೇ ಅದ. ಓದ್ಲಿಕ್ಕ ಬರ್ತದ ಅಂತೇ ಹಾಕಿದಿ ಅಲ್ಲ?’ ಎಂದನಂತೆ. ಆ ಮೂವತ್ತು ಸಾವಿರ ತೀರಿಸಲು ಗಂಡ ಹೆಂಡತಿ ಮರುವರ್ಷವೂ ಅದೇ ಗ್ಯಾಂಗಿಗೆ ಹೋದರು. ಅವರ ಮಗಳು ನನ್ನ ಐದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ದೀಪಾವಳಿಯಿಂದ ಯುಗಾದಿಯವರೆಗೆ ಗೈರುಹಾಜರಿ.

ನಾನು ಬಿ.ಎ., ಬಿ.ಎಡ್. ಮಾಡಿ ಸರಕಾರಿ ಶಾಲೆಗೆ ಸೇರಿದವಳು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ವರ್ಗಾವಣೆಯಾದಂತೆಲ್ಲ ಕಲಿಸುತ್ತ ಬಂದಿದ್ದೇನೆ. ಆಳಂದದ ಕಡೆ ತೊಗರಿಯ ಹೊಲ, ಅಫಜಲಪುರದಲ್ಲಿ ಭೀಮಾ ದಂಡೆಯ ಕಬ್ಬು, ಜೇವರ್ಗಿಯಲ್ಲಿ ತೊಗರಿಯ ಜೊತೆಗೆ ಹತ್ತಿ. ಮಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ. ಊರಲ್ಲಿ ಉಳಿದವರಿಗೆ ಕೆರೆಯ ಹೂಳು, ಹೊಲದ ಬದು. ಮಕ್ಕಳಿಗೆ ಕಲಿಸುವುದು ನನ್ನ ನೌಕರಿ. ಆದರೆ ಮಕ್ಕಳ ಪಾಟಿಯಲ್ಲಿ ಬರೆದದ್ದು ಮನೆಗೆ ಹೋಗಿ ಅಳಿಸಿಹೋಗುವುದು ಅವರ ತಾಯಿತಂದೆ ದುಡಿಯುವ ಜಾಗದಲ್ಲಿ. ಆದ್ದರಿಂದ ದುಡಿಯುವ ದೊಡ್ಡವರ ಅಕ್ಷರದ ವಿಷಯ ನನಗೆ ಸಂಬಂಧವಿಲ್ಲದ್ದೆಂದು ಯಾರೂ ಹೇಳಬಾರದು.

ಸರಕಾರಗಳು ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ತೊಂಬತ್ತರ ದಶಕದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನದ ಜಾಥಾ, ಬೀದಿನಾಟಕ, ಹಾಡುಗಳನ್ನು ಕಂಡವರು ಇನ್ನೂ ಇದ್ದಾರೆ. 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ ಶುರುವಾಯಿತು. 2001ರ ಜನಗಣತಿಯಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ ಐವತ್ತು ಮುಟ್ಟದ ಜಿಲ್ಲೆಗಳನ್ನು ಅದಕ್ಕೆ ಆರಿಸಿದರು. ನಮ್ಮ ಜಿಲ್ಲೆ ಅದರಲ್ಲಿತ್ತು. ತಿಂಗಳಿಗೆ 2,000 ರೂಪಾಯಿ ಗೌರವಧನಕ್ಕೆ ಪ್ರೇರಕರು ದುಡಿದರು. 2018ರ ಮಾರ್ಚಿಗೆ ಅದೂ ಮುಗಿಯಿತು. ಆಮೇಲೆ 2022ರಿಂದ 2027ರವರೆಗೆಂದು ಹೊಸ ಕಾರ್ಯಕ್ರಮ ಬಂತು. ಈಗ ಅದರ ಹೆಸರು ಉಲ್ಲಾಸ್.

ಉಲ್ಲಾಸ್‌ನ ಲೆಕ್ಕವನ್ನು ಒಮ್ಮೆ ನೋಡಿರಿ. ಐದು ವರ್ಷಕ್ಕೆ ತೆಗೆದಿಟ್ಟ ಹಣ 1,037.90 ಕೋಟಿ ರೂಪಾಯಿ. ಕಲಿಸಬೇಕಾದವರು 5 ಕೋಟಿ ಮಂದಿ. ಭಾಗಿಸಿದರೆ ಒಬ್ಬರ ಪಾಲಿಗೆ 207 ರೂಪಾಯಿ ಚಿಲ್ಲರೆ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿ 370 ರೂಪಾಯಿ ಇತ್ತು. ಒಬ್ಬ ಹೆಣ್ಣುಮಗಳ ಜನ್ಮದ ಅಕ್ಷರಕ್ಕೆ ಆಕೆಯ ಒಂದು ದಿನದ ಕೂಲಿಯಷ್ಟೂ ಬೆಲೆ ಕಟ್ಟಿಲ್ಲ. ಕಲಿಸುವವರು ಸ್ವಯಂಸೇವಕರು, ಅವರಿಗೆ ಸಂಬಳವಿಲ್ಲ. ಕಲಿಯುವವರು ತಮ್ಮ ಬಿಡುವಿನಲ್ಲಿ ಬರಬೇಕು. ಕೊನೆಗೆ 150 ಅಂಕದ ಪರೀಕ್ಷೆ: ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಕಾಗದದ ಮೇಲೆ ವೃತ್ತಿ ಕೌಶಲವೂ ಇದೆ, ಬದುಕಿನ ಕೌಶಲವೂ ಇದೆ. ಕಾಗದದ ಮೇಲೆ ನಮ್ಮ ನಾಡಿನಲ್ಲಿ ಏನಿಲ್ಲ ಹೇಳಿರಿ?

ನಲವತ್ತೈದು ವರ್ಷಕ್ಕೂ ಮಿಕ್ಕಿ ನಡೆದ ಈ ಎಲ್ಲ ಕಾರ್ಯಕ್ರಮಗಳಲ್ಲಿ ಒಂದೇ ಕೊರತೆ ಉಳಿದುಕೊಂಡು ಬಂದಿದೆ. ದುಡಿಮೆ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಹಗಲು ಪೂರ್ತಿ ದುಡಿಸಿಕೊಂಡವರು ಅಕ್ಷರಕ್ಕೆ ಜವಾಬ್ದಾರರಲ್ಲ, ಅಕ್ಷರ ಕಲಿಸುವವರಿಗೆ ದುಡಿಮೆಯ ಜಾಗದ ಪರಿಚಯವಿಲ್ಲ. ಆದ್ದರಿಂದ ಪಾಠವೆಲ್ಲ ರಾತ್ರಿಗೆ, ಗುಡಿಯ ಕಟ್ಟೆಗೆ ಬಂದು ಬೀಳುತ್ತದೆ.

ರಾತ್ರಿಯ ತರಗತಿ ಎನ್ನುವವರು ಒಬ್ಬ ಕೂಲಿ ಹೆಣ್ಣುಮಗಳ ದಿನವನ್ನು ನೋಡಿರಬೇಕು. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ತಾಳದೆ ಕೆಲಸ ನಸುಕಿಗೇ ಶುರುವಾಗುತ್ತದೆ. ಆಕೆ ನಾಲ್ಕಕ್ಕೆ ಎದ್ದು, ನೀರು ತಂದು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊರಡಬೇಕು. ಮಣ್ಣು ಹೊತ್ತು ಬಂದ ಮೇಲೆ ಬಟ್ಟೆ, ದನ, ಮತ್ತೆ ರೊಟ್ಟಿ. ಎಲ್ಲರೂ ಉಂಡ ಮೇಲೆ ಆಕೆಯ ಊಟ. ಆಗ ನಾವು ಹೋಗಿ, ‘ಬಾರವ್ವಾ, ಅ ಆ ಇ ಈ ಕಲಿ’ ಎನ್ನುತ್ತೇವೆ. ಆಕೆ ಬಾರದಿದ್ದರೆ ‘ಇವರಿಗೆ ಆಸಕ್ತಿ ಇಲ್ಲ’ ಎಂದು ವರದಿ ಬರೆಯುತ್ತೇವೆ. ಅಫಜಲಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬಾಕೆ ನನಗೆ, ‘ಅಕ್ಕೋರೆ, ಹಗಲೆಲ್ಲ ಬುಟ್ಟಿ ಹೊತ್ತ ಕೈಗೆ ರಾತ್ರಿ ಬಳಪ ಭಾಳ ಭಾರ ಆಗ್ತದರಿ’ ಎಂದಳು. ಆಸಕ್ತಿ ಇಲ್ಲದವಳ ಮಾತು ಅದಲ್ಲ. ದಣಿದವಳ ಮಾತು. ಗುಮಾಸ್ತರಿಗೆ, ಮಾಸ್ತರಿಗೆ, ಅಧಿಕಾರಿಗಳಿಗೆ ತರಬೇತಿ ಎಂದರೆ ಕಚೇರಿಯ ವೇಳೆಯಲ್ಲೇ, ಸಂಬಳದ ದಿನದಲ್ಲೇ, ಮೇಲಾಗಿ ಪ್ರಯಾಣಭತ್ಯೆ, ಊಟ, ಚಹಾ. ನಾನೂ ಅಂಥ ತರಬೇತಿಗಳಿಗೆ ಹೋಗಿ ಬಂದವಳೇ. ಕೂಲಿಯವಳ ತರಬೇತಿ ಮಾತ್ರ ಆಕೆಯ ನಿದ್ದೆಯ ಹೊತ್ತಿನಲ್ಲಿ ಏಕೆ?

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ 74 ಮಂದಿ, ಹೆಂಗಸರಲ್ಲಿ 55 ಮಂದಿ ಅಕ್ಷರಸ್ಥರು. ಆ ಐವತ್ತೈದರಲ್ಲಿ ಸಹಿಯ ಸಾಕ್ಷರರು ಎಷ್ಟು ಮಂದಿ ಎಂಬುದನ್ನು ಜನಗಣತಿ ಹೇಳುವುದಿಲ್ಲ. ದಿನವೂ ಅವರ ನಡುವೆ ಓಡಾಡುವವರಿಗೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ.

ಇನ್ನು, ‘ವಯಸ್ಸಾದವರ ತಲೆಗೆ ಹತ್ತುವುದಿಲ್ಲ’ ಎಂಬ ಮಾತು. ಮೂರು ವರ್ಷದ ಕೂಲಿಯ ಲೆಕ್ಕವನ್ನು, ಯಾರ ಹೊಲದಲ್ಲಿ ಎಷ್ಟು ದಿನ ಕಳೆ ತೆಗೆದೆ, ಯಾರು ಎಷ್ಟು ಉಳಿಸಿಕೊಂಡರು ಎಂಬುದನ್ನು, ಬೆರಳ ಗೆಣ್ಣಿನ ಮೇಲೆ ಎಣಿಸಿ ಹೇಳುವ ಹೆಂಗಸರು ಇವರು. ಇಂಥ ತಲೆಗೆ ಐವತ್ತು ಅಕ್ಷರ ಹತ್ತುವುದಿಲ್ಲವೆಂದರೆ ನಾನು ನಂಬಲಾರೆ. ಹತ್ತದಿರಲು ಬೇರೆ ಕಾರಣಗಳಿವೆ. ಒಂದನ್ನು ಇಲ್ಲಿ ಹೇಳಲೇಬೇಕು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ. ನನಗೂ ಕನ್ನಡಕ ಬಂದಿದೆ, ನಿಮಗೂ ಬಂದಿರಬಹುದು. ಆಕೆಗೆ ಮಾತ್ರ ಅದು ಕಣ್ಣಿನ ದೋಷ ಎಂದು ಯಾರೂ ಹೇಳಿಲ್ಲ, ಬುದ್ಧಿಯ ದೋಷ ಎಂದು ಆಕೆಯೇ ತಿಳಿದುಕೊಂಡಿದ್ದಾಳೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ಎಲೆ ಕೀಳುವ ಕೆಲಸ, ಪಡೆಯದವರಿಗಿಂತ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಹೆಚ್ಚಿತು. ಎಲೆ ಕೀಳಲು ಬೇಕಾದ ಕಣ್ಣು ಅಕ್ಷರಕ್ಕೆ ಬೇಡವೇ? ನಮ್ಮ ಸಾಕ್ಷರತೆಯ ಚೀಲದಲ್ಲಿ ಪುಸ್ತಕ ಇರುತ್ತದೆ, ಪೆನ್ಸಿಲು ಇರುತ್ತದೆ. ಮೊದಲು ಇರಬೇಕಾದ ಕನ್ನಡಕವೇ ಇರುವುದಿಲ್ಲ.

‘ಮಕ್ಕಳು ಓದಿ ಹೇಳುತ್ತಾರೆ ಬಿಡಿ’ ಎನ್ನುವವರೂ ಇದ್ದಾರೆ. ಹೌದು, ಹೇಳುತ್ತಾರೆ. ಪಾಸ್‌ಬುಕ್ ಓದಲೆಂದು, ಬ್ಯಾಂಕಿಗೆ ಜೊತೆಯಾಗಿ ಬರಲೆಂದು ಆರನೆಯ ತರಗತಿಯ ಹುಡುಗಿಯನ್ನು ಶಾಲೆ ಬಿಡಿಸಿ ಕರೆದೊಯ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತಾಯಿಯ ನಿರಕ್ಷರತೆಯ ದಂಡವನ್ನು ಮಗಳ ಹಾಜರಿಯಿಂದ ವಸೂಲು ಮಾಡುವ ಏರ್ಪಾಡು ಇದು. ಮಗ ದೊಡ್ಡವನಾದರೆ ಇನ್ನೊಂದು ತಾಪತ್ರಯ. ತಾಯಿಯ ಖಾತೆಯಲ್ಲಿ ಬಂದದ್ದು ಎಷ್ಟು ಎಂಬುದನ್ನು ಆತ ಹೇಳಿದಷ್ಟೇ ಆಕೆ ನಂಬಬೇಕು.

‘ಈಗ ಎಲ್ಲ ಫೋನಿನಲ್ಲೇ ಇದೆ’ ಎಂಬುದು ಹೊಸ ಮಾತು. ಉದ್ಯೋಗ ಖಾತ್ರಿಯ ಹಾಜರಿ 2023ರ ಜನವರಿ 1ರಿಂದ ಎಲ್ಲ ಕಾಮಗಾರಿಗಳಲ್ಲೂ ಫೋನಿನ ಆ್ಯಪಿಗೆ ಹೋಯಿತು. ದಿನಕ್ಕೆ ಎರಡು ಸಲ ಫೋಟೋ ಹಿಡಿಯಬೇಕು. ಅದರ ಮೊದಲು ಕೆಲಸದ ಜಾಗದಲ್ಲಿ ಹಾಜರಿಯ ಕಾಗದವಾದರೂ ಕಣ್ಣಿಗೆ ಬೀಳುತ್ತಿತ್ತು. ಫೋಟೋ ಹಿಡಿದ ಮೇಲೆ ಯಾರ ಹೆಸರಿನ ಮುಂದೆ ಹಾಜರಿ ಬಿತ್ತು, ಯಾರದು ಬೀಳಲಿಲ್ಲ ಎಂಬುದು ಫೋನ್ ಹಿಡಿದವರಿಗೆ ಮಾತ್ರ ಗೊತ್ತು. ಕೂಲಿ ಜಮೆಯಾದ ಸಂದೇಶ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಯಂತ್ರ ಬಂದರೆ ಓದು ಬೇಡ ಎನ್ನುವುದು ಸುಳ್ಳು. ಯಂತ್ರ ಬಂದಲ್ಲಿ ಓದು ಇನ್ನೂ ಹೆಚ್ಚು ಬೇಕು.

ಓದು ಬಾರದವರು ಕಾಗದಗಳನ್ನು ಗುರುತಿಸುವ ಬಗೆಯನ್ನು ನೀವು ಗಮನಿಸಿರಬಹುದು. ಬಣ್ಣದಿಂದ, ಆಕಾರದಿಂದ, ಮೇಲಿನ ಮುದ್ರೆಯಿಂದ. ಹತ್ತು ಹದಿನೈದು ವರ್ಷ ಜತನ ಮಾಡಿದ ಜಾಬ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ‘ಇದು ಕೆಲಸದ್ದು, ಇದು ರೇಷನ್ನಿಂದು, ಇದು ಬ್ಯಾಂಕಿಂದು’ ಎಂದು ಆಕೆ ಸರಿಯಾಗಿಯೇ ಹೇಳುತ್ತಾಳೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ 125 ದಿನದ ಕೆಲಸದ ಮಾತಾಡುವ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಕಾಯ್ದೆಯ ಒಳಿತು ಕೆಡುಕಿನ ಚರ್ಚೆ ಬೇರೆ. ನನ್ನ ಮಾತು ಇಷ್ಟೇ: ಕಾಯ್ದೆ ಬದಲಾದರೆ ಕಾಗದ ಬದಲಾಗುತ್ತದೆ, ಅರ್ಜಿಯ ನಮೂನೆ ಬದಲಾಗುತ್ತದೆ. ಓದು ಬಂದವಳಿಗೆ ಅದು ಹೊಸ ಕಾಗದ ಅಷ್ಟೇ. ಬಣ್ಣದಿಂದ ಗುರುತು ಹಿಡಿಯುವವಳು ಮತ್ತೆ ಯಾರದೋ ಬಾಗಿಲಿಗೆ ಹೋಗಿ ಕೈಕಟ್ಟಿ ನಿಲ್ಲಬೇಕು.

ಹಾಗಾದರೆ ಏನು ಮಾಡಬೇಕು? ಬೈಯುವುದು ಸುಲಭ, ದಾರಿ ಹೇಳಿರಿ ಎನ್ನುವ ಓದುಗರಿಗೆ ನನ್ನ ಆಲೋಚನೆಯನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಪಾಠ ನಡೆಯಬೇಕಾದದ್ದು ಕೆಲಸದ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ, ಕೂಲಿಯೊಳಗೆ. ಎಂಟು ಗಂಟೆಯಲ್ಲಿ ಒಂದು ಗಂಟೆ ಅಕ್ಷರಕ್ಕೆ. ಇದೇನು ಹುಚ್ಚು ಮಾತು ಎನ್ನಬೇಡಿರಿ. 2005ರ ಕಾಯ್ದೆಯಲ್ಲಿ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು ಬರೆದಿತ್ತು. ಕೂಸು ಆಡಿಸುವುದನ್ನು ಕಾಯ್ದೆ ಕೆಲಸವೆಂದು ಒಪ್ಪಿತಲ್ಲ, ಅಕ್ಷರ ಕಲಿಸುವುದನ್ನು, ಕಲಿಯುವುದನ್ನು ಒಪ್ಪಬಾರದೇಕೆ? 2019–20ರಲ್ಲಿ ಬಂದ ಉನ್ನತಿ ಎಂಬ ಯೋಜನೆಯಲ್ಲಿ, ನೂರು ದಿನ ಪೂರೈಸಿದ ಕುಟುಂಬದ 18ರಿಂದ 45 ವಯಸ್ಸಿನ ಒಬ್ಬರಿಗೆ ಕಸುಬಿನ ತರಬೇತಿ ಕೊಟ್ಟರು. ತರಬೇತಿಯ ದಿನಗಳಿಗೆ ಕೂಲಿಯ ದರದಲ್ಲೇ ಭತ್ಯೆ. ಅಂದರೆ ಕಲಿಕೆಗೆ ಕೂಲಿ ಕೊಡುವುದು ಸರಕಾರಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಖರ್ಚಿನ ಮಾತು ಬಂದರೆ, 370 ರೂಪಾಯಿ ಕೂಲಿಯಲ್ಲಿ ಒಂದು ಗಂಟೆಯ ಪಾಲು 46 ರೂಪಾಯಿ. ತೊಂಬತ್ತು ದಿನಕ್ಕೆ ಒಬ್ಬರಿಗೆ ನಾಲ್ಕು ಸಾವಿರ ಚಿಲ್ಲರೆ. ಅಗ್ಗವೆಂದು ನಾನು ಹೇಳುವುದಿಲ್ಲ. ಮೇಲೆ ಹೇಳಿದ ಹೆಣ್ಣುಮಗಳು ಒಂದು ಸಹಿಗೆ ಕಳೆದುಕೊಂಡದ್ದು ಮೂವತ್ತು ಸಾವಿರ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಎರಡನೆಯದಾಗಿ, ಪಠ್ಯ ಬರೆಯುವ ಮೊದಲು ಕಾಗದಗಳನ್ನು ಕೂಡಿಸಬೇಕು. ಆ ಕೆಲಸದಲ್ಲಿ ದುಡಿಯುವವರ ಕೈಗೆ ಬರುವ ಒಂದೊಂದು ಚೀಟಿಯನ್ನೂ ತಂದು ಮುಂದಿಟ್ಟುಕೊಳ್ಳಬೇಕು: ಕೆಲಸ ಕೇಳುವ ಅರ್ಜಿ, ಹಾಜರಿ ಪಟ್ಟಿ, ಪಾಸ್‌ಬುಕ್ಕಿನ ಒಂದು ಹಾಳೆ, ಕಬ್ಬಿನ ತೂಕದ ಚೀಟಿ, ಮುಂಗಡದ ಕಾಗದ, ಔಷಧದ ಡಬ್ಬಿಯ ಲೇಬಲ್ಲು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪದಗಳೇ ಪಾಠ. ‘ಕೂಲಿ, ಬಾಕಿ, ಜಮಾ, ತೂಕ’ ಈ ನಾಲ್ಕೇ ಪದಗಳನ್ನು ತೆಗೆದುಕೊಳ್ಳಿರಿ. ಕ, ಲ, ಬ, ಜ, ಮ, ತ ಎಂಬ ಆರು ಅಕ್ಷರ, ಮೂರು ಗುಣಿತದ ಗುರುತು ಬಂದವು. ಅವನ್ನೇ ಬಿಡಿಸಿ ಕೂಡಿಸಿದರೆ ಮಾಲಿಕ, ತಾಲೂಕ, ಬಾಲಕಿ, ಕಲಿ. ಆರು ಅಕ್ಷರದಲ್ಲಿ ಆಕೆ ತನ್ನ ಅರ್ಧ ಲೋಕವನ್ನು ಓದಿಬಿಟ್ಟಳು. ಬ್ರೆಜಿಲ್ ದೇಶದ ಪೌಲೊ ಫ್ರೇರಿ 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಮುನ್ನೂರು ಮಂದಿ ಕೂಲಿಕಾರರಿಗೆ ಸುಮಾರು ನಲವತ್ತು ಗಂಟೆಯಲ್ಲಿ ಓದು ಕಲಿಸಿದ್ದು ಹೀಗೆಯೇ, ಅವರು ದಿನಾ ಆಡುವ ದುಡಿಮೆಯ ಮಾತುಗಳಿಂದ. ನಮ್ಮಲ್ಲೂ 1967ರಲ್ಲೇ ಮುಂಬಯಿಯಲ್ಲಿ ಕಾರ್ಮಿಕರಿಗಾಗಿ ಶ್ರಮಿಕ ವಿದ್ಯಾಪೀಠ ಆರಂಭವಾಗಿತ್ತು. ಕಲಿಕೆಯನ್ನು ಕಾರ್ಮಿಕನ ಕಸುಬಿಗೆ, ಹೊತ್ತಿಗೆ ಹೊಂದಿಸಬೇಕೆಂಬುದೇ ಅದರ ಉದ್ದೇಶ. ಹೆಸರು ಬದಲಾಗಿ ಅದೇ ಇಂದು ಜನ ಶಿಕ್ಷಣ ಸಂಸ್ಥಾನ. ಆ ಹೊಂದಾಣಿಕೆ ನಗರದ ಗಿರಣಿಯ ಕೂಲಿಗೆ ಸಲ್ಲುವುದಾದರೆ ಭೀಮಾ ದಂಡೆಯ ಹೊಲದ ಕೂಲಿಗೆ ಸಲ್ಲದೇ?

ಮೂರನೆಯದಾಗಿ, ಅಕ್ಷರಕ್ಕಿಂತ ಮೊದಲು ಅಂಕಿ. ನೋಟು, ಫೋನು, ಬಸ್ಸಿನ ಟಿಕೀಟು ಇವುಗಳಿಂದ ಅರ್ಧ ಅಂಕಿ ಆಕೆಗೆ ಆಗಲೇ ಗೊತ್ತಿರುತ್ತದೆ. ಅಲ್ಲಿಂದ ಹಿಡಿಯಬೇಕು. ಆರು ದಿನದ ಹಾಜರಿ, 370ರ ದರ, ಒಟ್ಟು 2,220. ಬಂದದ್ದು 1,850 ಆದರೆ ಒಂದು ದಿನ ಹೋಯಿತು ಎಂದು ಆಕೆ ಅಲ್ಲೇ ಹೇಳಬೇಕು. ಕಬ್ಬಿನ ಗ್ಯಾಂಗಿನವರಿಗೆ ಕೂಲಿ ಟನ್ನಿನ ಲೆಕ್ಕ. ಅವರಿಗೆ ಚುಕ್ಕಿಯ ಲೆಕ್ಕ ಬರಬೇಕು. ಚೀಟಿಯಲ್ಲಿ 12.450 ಇರುವುದಕ್ಕೂ 12.045 ಇರುವುದಕ್ಕೂ 405 ಕಿಲೋ ಅಂತರ. ಟನ್ನಿಗೆ 300 ರೂಪಾಯಿ ಎಂದಿಟ್ಟುಕೊಂಡರೂ ಒಂದೇ ಗಾಡಿಗೆ 121 ರೂಪಾಯಿ ಚಿಲ್ಲರೆ ಹೋಯಿತು. ಹಂಗಾಮಿನುದ್ದಕ್ಕೂ ಎಷ್ಟು ಗಾಡಿ ಎಂಬುದನ್ನು ನೀವೇ ಗುಣಿಸಿ ನೋಡಿರಿ.

ನಾಲ್ಕನೆಯದಾಗಿ, ಜೀವದ ಪಾಠ. ತೊಗರಿಗೆ ಕಾಯಿಕೊರಕ ಬಿದ್ದಾಗ ನಮ್ಮ ಕಡೆ ಔಷಧ ಹೊಡೆಯುವವರು ಕೂಲಿಯವರೇ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ಔಷಧವೇ ಹೊರತು ತೀರ್ಥವಲ್ಲ. ಇದನ್ನು ತಿಳಿಯದೆ ಬರಿಗೈಯಲ್ಲಿ ಕಲಸುವವರನ್ನು, ಖಾಲಿ ಡಬ್ಬಿಯನ್ನು ತೊಳೆದು ನೀರಿಗಿಡುವವರನ್ನು ನಾನು ಕಂಡಿದ್ದೇನೆ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಬೇಳೆಗೆ ಮರ್ಯಾದೆ ಬಂತು, ಒಳ್ಳೆಯದು. ಆ ಬೆಳೆಗೆ ಔಷಧ ಹೊಡೆಯುವ ಕೈಗೆ ಡಬ್ಬಿಯ ನಾಲ್ಕು ಸಾಲು ಓದುವ ಶಕ್ತಿ ಯಾವಾಗ ಬರಬೇಕು? ಹೊಲದ ಸಾವಕಾರರು, ದಾಲ್ ಮಿಲ್ಲಿನ ಮಾಲಿಕರು ಇದನ್ನು ಧರ್ಮವೆಂದು ಮಾಡಬೇಕಿಲ್ಲ, ತಮ್ಮ ಲಾಭಕ್ಕೆಂದೇ ಮಾಡಲಿ. ಯಂತ್ರದ ಮೇಲಿನ ಎಚ್ಚರಿಕೆಯನ್ನು ಓದಬಲ್ಲ ಆಳಿನಿಂದ ಯಾವ ಮಾಲಿಕನೂ ನಷ್ಟಹೊಂದಿಲ್ಲ.

ಐದನೆಯದಾಗಿ, ಕಲಿಸುವವಳು ಅವರಲ್ಲೇ ಒಬ್ಬಳಾಗಿರಲಿ. ಎಸ್ಸೆಸ್ಸೆಲ್ಸಿ ಓದಿ ಮದುವೆಯಾಗಿ ಬಂದು ಅದೇ ಕೆಲಸಕ್ಕೆ ಬರುವ ಸೊಸೆಯಂದಿರು ಈಗ ಊರೂರಲ್ಲೂ ಇದ್ದಾರೆ. ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುಗಳೆಂದು ಕೂಲಿಕಾರರ ಗುಂಪಿನವರನ್ನೇ ನೇಮಿಸಿದ್ದರು. ಅಂಥ ಒಬ್ಬಾಕೆಗೆ ಹತ್ತು ದಿನ ತರಬೇತಿ ಕೊಟ್ಟು, ಕಲಿಸಿದ ಗಂಟೆಗೆ ಕೂಲಿ ಕೊಡಿರಿ. ಸೇವೆ ಸೇವೆ ಎಂದು ಬಡವರಿಂದಲೇ ಬಿಟ್ಟಿ ದುಡಿಮೆ ತೆಗೆಯುವುದು ಬೇಡ.

ಇಷ್ಟನ್ನು ಹೇಳಿದಾಗ ಒಬ್ಬ ಹಿರಿಯರು ನಕ್ಕು, ‘ಟೀಚರೇ, ಇವರೆಲ್ಲ ಲೆಕ್ಕ ಕೇಳಲು ಶುರುಮಾಡಿದರೆ ಕೆಲಸ ಮಾಡುವವರು ಯಾರು?’ ಎಂದರು. ತಮಾಷೆಗೆ ಅಂದದ್ದು, ಆದರೆ ನಿಜ ಅದರಲ್ಲೇ ಇದೆ. ಸಹಿ ಕಲಿಸಿದರೆ ಯಾರಿಗೂ ತೊಂದರೆಯಿಲ್ಲ. ಓದು ಕಲಿಸಿದರೆ ಕೆಲವರಿಗೆ ತೊಂದರೆಯಿದೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತೆಯ ಪಾಠ ಓದಿದ ಹೆಂಗಸರು ಸಾರಾಯಿ ಅಂಗಡಿಯ ಬಾಗಿಲಿಗೆ ಹೋಗಿ ನಿಂತರು. 1992ರಲ್ಲಿ ಆ ಹೋರಾಟ ಊರೂರಿಗೆ ಹಬ್ಬಿತು, 1993ರಲ್ಲಿ ಸರಕಾರ ಸಾರಾಯಿ ನಿಲ್ಲಿಸಬೇಕಾಯಿತು. ಫ್ರೇರಿಯವರನ್ನು ಅವರ ದೇಶದ ಸೈನಿಕ ಆಡಳಿತ 1964ರಲ್ಲಿ ಸೆರೆಗೆ ಹಾಕಿತು. ಓದು ಬರಿಯ ಓದಾಗಿ ಉಳಿಯುವುದಿಲ್ಲವೆಂಬುದು ಲಾಭ ಕಳೆದುಕೊಳ್ಳುವವರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ.

ಇದೆಲ್ಲ ಪರದೇಶದ ವಿಚಾರವೆಂದು ಯಾರೂ ಮೂಗು ಮುರಿಯಬಾರದು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ, ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ನೂಲುವ ಕದಿರ ರೆಮ್ಮವ್ವೆ ಹನ್ನೆರಡನೆಯ ಶತಮಾನದಲ್ಲಿ ವಚನ ನುಡಿದ ನಾಡು ಇದು. ಹುಟ್ಟು, ಬಂಡೆ, ಹಗ್ಗ, ರಾಟೆ ಬಿಟ್ಟು ಬಂದು ಅವರು ಜ್ಞಾನ ಪಡೆಯಲಿಲ್ಲ. ಕಾಯಕದ ಒಳಗೇ ಅವರಿಗೆ ಮಾತು ಹುಟ್ಟಿತು. ವೇದಿಕೆಯ ಮೇಲೆ ‘ಕಾಯಕವೇ ಕೈಲಾಸ’ ಎಂದು ಚಪ್ಪಾಳೆ ಗಿಟ್ಟಿಸುವ ನಾವು, ಕಾಯಕದ ಜಾಗಕ್ಕೆ ಒಂದು ಕರಿಹಲಗೆ ಒಯ್ಯಲು ಹಿಂದೆಮುಂದೆ ನೋಡುತ್ತೇವೆ.

ಕೊನೆಯ ಮಾತು ಪರೀಕ್ಷೆಯದು. 150 ಅಂಕದ ಪತ್ರಿಕೆ ನನಗೆ ಬೇಡ. ವರ್ಷಕ್ಕೆ ಎರಡು ಸಲ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಯಾರಿಗೆ ಎಷ್ಟು ದಿನ, ಎಷ್ಟು ಕೂಲಿ ಎಂಬ ಪಟ್ಟಿಯನ್ನು ಓದಬೇಕೆಂದಿತ್ತು. ಅದನ್ನು ಅಧಿಕಾರಿಗಳು ಸರಸರನೆ ಓದಿ ಮುಗಿಸುತ್ತಾರೆ, ಕೂತವರಿಗೆ ತಿಳಿಯುವುದರೊಳಗೆ ಸಭೆ ಬರ್ಖಾಸ್ತು. ಇನ್ನು ಮುಂದೆ ಯಾವ ಕಾಯ್ದೆಯಡಿ ಕೆಲಸ ನಡೆದರೂ ಸರಿ, ಆ ಪಟ್ಟಿಯನ್ನು ದುಡಿದ ಹೆಂಗಸರೇ ಎದ್ದು ನಿಂತು ಗಟ್ಟಿಯಾಗಿ ಓದಲಿ. ತಡವರಿಸಲಿ, ಬೆರಳಿಟ್ಟು ಓದಲಿ, ಒಂದು ತಾಸಿನ ಸಭೆ ಮೂರು ತಾಸು ನಡೆಯಲಿ. ತಪ್ಪು ಹೆಸರು, ತಪ್ಪು ಮೊತ್ತ ಕಂಡಲ್ಲಿ ಅವರೇ ‘ಇದು ಸರಿ ಇಲ್ಲರಿ’ ಎನ್ನಲಿ. ಹಾಗೆ ಓದಬಲ್ಲ ಹತ್ತು ಮಂದಿ ಹೆಂಗಸರು ಯಾವ ಪಂಚಾಯತಿಯಲ್ಲಿ ಸಿಗುತ್ತಾರೋ ಅದನ್ನು ನಾನು ಸಾಕ್ಷರ ಪಂಚಾಯತಿ ಎನ್ನುತ್ತೇನೆ. ಅಲ್ಲಿಯವರೆಗೆ, ಸಹಿಗಳನ್ನು ಎಣಿಸಿ ನಮ್ಮ ಮುಂದೆ ಹಿಡಿಯುವ ಪಟ್ಟಿಗಳಿಗೆ ದಯವಿಟ್ಟು ಯಾರೂ ಸಹಿ ಹಾಕಬೇಡಿರಿ.